ಜಾರುವ ನೆಲದ ಅಂಚಿನಲ್ಲಿ ಒಂದು ಗುಡಾರ

ಹವಾಯಿ ದ್ವೀಪದ ದಕ್ಷಿಣ ಕರಾವಳಿಯಲ್ಲಿರುವ ಹಲಾಪೆಗೆ ರಸ್ತೆಯಿಲ್ಲ. ಕಾರು ನಿಲ್ಲಿಸಿದ ಜಾಗದಿಂದ ಸುಮಾರು 13 ಕಿಲೋಮೀಟರ್ ನಡೆದರೆ ಸಿಗುವುದು ಪುಟ್ಟದೊಂದು ಮರಳಿನ ಕೊಲ್ಲಿ, ಕೆಲವು ತೆಂಗಿನ ಮರ, ಒಂದು ಸಾದಾ ತಂಗುದಾಣ, ಮಳೆನೀರು ತುಂಬುವ ಒಂದು ಟ್ಯಾಂಕು, ಒಂದು ಶೌಚಾಲಯ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಕರಿ ಲಾವಾ. ಬೆನ್ನ ಹಿಂದೆ ಪುವು ಕಪುಕಪು ಎಂಬ ಕಡಿದಾದ ಗುಡ್ಡ, ಮುನ್ನೂರು ಮೀಟರಿನಷ್ಟು ಎತ್ತರ. ಎದುರಿಗೆ ಪೆಸಿಫಿಕ್ ಸಾಗರ. ಇಲ್ಲಿ ರಾತ್ರಿ ಕಳೆಯಬೇಕೆಂದರೆ ಗುಡಾರ, ಹಾಸಿಗೆ, ಒಲೆ, ಊಟ, ದಾರಿಗೆ ಬೇಕಾದ ನೀರು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ತರಬೇಕು, ಉಳಿದ ಕಸವನ್ನೂ ಬೆನ್ನ ಮೇಲೆಯೇ ಹೊತ್ತು ಒಯ್ಯಬೇಕು.

ಹವಾಯಿ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಅವರಲ್ಲಿ ಬಹುಪಾಲು ಜನ ಕಿಲವೇಯಾ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ನಿಂತು, ಹೊಗೆಯನ್ನೋ ಬೆಂಕಿಯನ್ನೋ ನೋಡಿ, ಸಂಜೆಗೆ ಹೋಟೆಲಿಗೆ ಮರಳುವವರು. ಹಲಾಪೆ, ಕೆಯಾವುಹೋ, ಕಆಹಾ, ಅಪುವಾ ಎಂಬ ಕಡಲಂಚಿನ ಬಿಡಾರಗಳವರೆಗೆ ಕಾಲ್ನಡಿಗೆಯಲ್ಲಿ ಇಳಿಯುವವರು ಬಹಳ ಕಡಿಮೆ. ಹಾಗೆ ಇಳಿಯುವವರಿಗೆ ಉದ್ಯಾನದ ಕಚೇರಿ ಪರ್ಮಿಟ್ ಕೊಡುವಾಗ ಒಂದಿಷ್ಟು ಸೂಚನೆಗಳನ್ನೂ ಕೊಡುತ್ತದೆ: ಮರಳಿನ ಮೇಲೆ ಗುಡಾರ ಹೂಡಬೇಡಿ, ಬೆಂಕಿ ಹಾಕಬೇಡಿ, ನೀರನ್ನು ಶುದ್ಧಮಾಡದೆ ಕುಡಿಯಬೇಡಿ, ನೆಲ ಜೋರಾಗಿ ನಡುಗಿದರೆ ಸಾಮಾನು ಬಿಟ್ಟು ಎತ್ತರಕ್ಕೆ ಓಡಿ. ಓದಲು ಇವು ಎಲ್ಲ ಸರ್ಕಾರಿ ಫಲಕಗಳಂತೆಯೇ ಕಾಣುತ್ತವೆ. ಆದರೆ ಇವುಗಳ ಪೈಕಿ ಒಂದೂ ಕುರ್ಚಿಯಲ್ಲಿ ಕೂತು ಬರೆದದ್ದಲ್ಲ. ಪ್ರತಿಯೊಂದರ ಹಿಂದೆಯೂ ಈ ನೆಲ ನಡೆದುಕೊಂಡ ರೀತಿಯೊಂದಿದೆ. ಅದು ತಿಳಿದರೆ ಬೆನ್ನುಚೀಲದಲ್ಲಿ ಏನು ತುಂಬಬೇಕು, ಗುಡಾರದ ಬಾಗಿಲು ಯಾವ ಕಡೆಗಿರಬೇಕು, ಕತ್ತಲಲ್ಲಿ ಯಾವ ದಾರಿಯಲ್ಲಿ ಓಡಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಮೊದಲಿಗೆ ಈ ನೆಲ ಎಂಥದು ಎಂಬುದನ್ನು ನೋಡಬೇಕು. ಕಿಲವೇಯಾ ಜಗತ್ತಿನ ಅತ್ಯಂತ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು. ಸಮುದ್ರಮಟ್ಟದಿಂದ ಅದರ ಎತ್ತರ 1,247 ಮೀಟರ್ ಮಾತ್ರ, ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಕಡಿಮೆ. ಆದರೆ ಅದರ ದಕ್ಷಿಣದ ಮಗ್ಗುಲು ಪೂರ್ತಿಯಾಗಿ, ಬೆಟ್ಟದ ಮೈಯೇ, ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಕಡಲಿನತ್ತ ಸರಿಯುತ್ತಿದೆ. ಒಳಗಿನಿಂದ ಮೇಲೇಳುವ ಶಿಲಾರಸ ಬೆಟ್ಟವನ್ನು ಬಿರಿದು ಪಕ್ಕಕ್ಕೆ ತಳ್ಳುತ್ತದೆ; ಬೆಟ್ಟದ ಸ್ವಂತ ಭಾರ ಕೆಳಕ್ಕೆ ಎಳೆಯುತ್ತದೆ; ಅಡಿಯಲ್ಲಿರುವ ಹಳೆಯ ಕಡಲತಳ ಜಾರಲು ಎಡೆಕೊಡುತ್ತದೆ. ಹೀಗೆ ಸರಿಯುವಾಗ ಮೇಲಿನ ಭಾಗ ಹೋಳುಹೋಳಾಗಿ ಕುಸಿದು ನಿಂತದ್ದೇ ‘ಹಿಲಿನಾ ಪಾಲಿ’ ಎಂಬ ಉದ್ದನೆಯ ಕಡಿದಾದ ಗೋಡೆ. ಹಲಾಪೆಗೆ ಇಳಿಯುವ ಕಾಲುದಾರಿ ಶುರುವಾಗುವುದು ಈ ಗೋಡೆಯ ನೆತ್ತಿಯಿಂದ, ಸುಮಾರು 700 ಮೀಟರ್ ಎತ್ತರದಿಂದ.

2000ನೇ ಇಸವಿಯ ನವೆಂಬರಿನಲ್ಲಿ ಇಲ್ಲಿನ ಜಿಪಿಎಸ್ ಉಪಕರಣಗಳು ಒಂದು ವಿಚಿತ್ರವನ್ನು ದಾಖಲಿಸಿದವು. ಸುಮಾರು 36 ಗಂಟೆಗಳ ಅವಧಿಯಲ್ಲಿ ಈ ಮಗ್ಗುಲು ಎಂಟೊಂಬತ್ತು ಸೆಂಟಿಮೀಟರ್ ಕಡಲಿನತ್ತ ಸರಿದಿತ್ತು. ಒಂದು ವರ್ಷದಲ್ಲಿ ಆಗಬೇಕಾದ ಚಲನೆ ಒಂದೂವರೆ ದಿನದಲ್ಲಿ ಮುಗಿದಿತ್ತು. ಆದರೂ ಯಾರಿಗೂ ನಡುಕ ಗೊತ್ತಾಗಿರಲಿಲ್ಲ. ಸದ್ದಿಲ್ಲದೆ ಆಗುವ ಇಂಥ ಜಾರುವಿಕೆ ಆಮೇಲೂ ಹಲವು ಸಲ ಕಂಡುಬಂದಿದೆ. ಆ ದಡದಲ್ಲಿ ಗುಡಾರ ಹೂಡಿ ಮಲಗಿದವರು ನಿದ್ದೆಯಲ್ಲೇ ಒಂದಿಷ್ಟು ದೂರ ಪ್ರಯಾಣ ಮಾಡಿರುವ ಸಾಧ್ಯತೆಯೂ ಇದೆ.

ಹಿಲಿನಾ ಪಾಲಿಯ ನೆತ್ತಿಯಿಂದ ದಾರಿ ಹಾವಿನಂತೆ ಸುತ್ತುತ್ತಾ ಇಳಿಯುತ್ತದೆ. ಮೊದಲ ಮೂರೂವರೆ ಕಿಲೋಮೀಟರು ಮೊಣಕಾಲಿಗೆ ಕಠಿಣ. ಎತ್ತರದ ಬಹುಭಾಗ ಅಲ್ಲಿಯೇ ಕಳೆದುಹೋಗುತ್ತದೆ. ಕೆಳಗೆ ಹುಲ್ಲಿನ ಬಯಲು, ಅದರಾಚೆ ಲಾವಾದ ಹಾಸು. ಲಾವಾದ ಮೇಲೆ ಕಾಲುದಾರಿ ಸವೆದು ಮೂಡುವುದಿಲ್ಲ. ಹಾಗಾಗಿ ಅಲ್ಲಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಗುಪ್ಪೆ ಮಾಡಿರುತ್ತಾರೆ. ಹವಾಯಿಯವರು ಅದಕ್ಕೆ ‘ಆಹು’ ಎನ್ನುತ್ತಾರೆ. ಒಂದು ಗುಪ್ಪೆಯ ಬಳಿ ನಿಂತು ಮುಂದಿನ ಗುಪ್ಪೆಯನ್ನು ಕಣ್ಣಿಂದ ಹುಡುಕಿ, ಅದು ಕಂಡ ಮೇಲೆಯೇ ಹೆಜ್ಜೆ ಕೀಳಬೇಕು. ಮಂಜು ಮುಸುಕಿದಾಗ, ಕತ್ತಲಾದಾಗ, ಎದೆಮಟ್ಟ ಹುಲ್ಲು ಬೆಳೆದಾಗ ಇದು ಸುಲಭವಲ್ಲ. ಪ್ರವಾಸಿಗರು ಹೋದಲ್ಲೆಲ್ಲ ಹವ್ಯಾಸಕ್ಕೆಂದು ಕಲ್ಲು ಪೇರಿಸುವ ಚಾಳಿ ಈಗ ಎಲ್ಲ ಕಡೆಯೂ ಇದೆ. ಇಲ್ಲಿ ಅದು ಅಪಾಯಕಾರಿ. ಸುಳ್ಳು ಗುಪ್ಪೆಯೊಂದು ಬಾಯಾರಿದ ಚಾರಣಿಗನನ್ನು ದಿಕ್ಕು ತಪ್ಪಿಸಿ ನೀರಿಲ್ಲದ ಕಲ್ಲುಬಯಲಿಗೆ ಕರೆದೊಯ್ಯಬಲ್ಲದು.

ಕಾಲಡಿಯ ಲಾವಾ ಎರಡು ಬಗೆಯದು. ಒಂದು ‘ಪಾಹೋಯ್‌ಹೋಯ್’: ಕಾಯಿಸಿದ ಹಾಲಿನ ಮೇಲೆ ಕೆನೆ ಸುಕ್ಕುಗಟ್ಟಿದ ಹಾಗೆ ನುಣುಪಾಗಿ, ಮಡಿಕೆಮಡಿಕೆಯಾಗಿ ಹೆಪ್ಪುಗಟ್ಟಿದ್ದು. ನಡೆಯಲು ಇದೇ ವಾಸಿ. ಆದರೂ ಕೆಲವೆಡೆ ಮೇಲಿನ ಪದರ ಮಾತ್ರ ಗಟ್ಟಿಯಾಗಿ ಅಡಿಯಲ್ಲಿ ಟೊಳ್ಳಿರುತ್ತದೆ. ಭಾರ ಬಿದ್ದರೆ ಒಡೆದು ಕಾಲು ಮೊಣಕಾಲವರೆಗೂ ಒಳಗಿಳಿಯಬಹುದು. ಇನ್ನೊಂದು ‘ಆ-ಆ’: ಮುರಿದ ಗಾಜಿನಷ್ಟು ಹರಿತವಾದ, ಸಡಿಲವಾದ ಕಲ್ಲುಂಡೆಗಳ ರಾಶಿ. ಇವೆರಡೂ ಹೆಸರುಗಳು ಹವಾಯಿ ಭಾಷೆಯಿಂದ ಹೊರಟು ಇಡೀ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆ ಸೇರಿವೆ. ಆ-ಆ ಮೇಲೆ ಬಿದ್ದವರ ಅಂಗೈ, ಮೊಣಕಾಲು ಕಿತ್ತುಬರುತ್ತವೆ. ಅನುಭವಿಗಳು ಕಣಕಾಲು ಮುಚ್ಚುವ ಗಟ್ಟಿ ಬೂಟು, ಉದ್ದ ಪ್ಯಾಂಟು ಹಾಕಿ, ಕೈಗೆ ತೋಟದ ಕೆಲಸದ ಗ್ಲೌಸು ತೊಟ್ಟು ನಡೆಯುತ್ತಾರೆ. ಕಡಲಿಗೆ ಹೋಗುವ ದಾರಿ ತಾನೇ ಎಂದು ಚಪ್ಪಲಿಯಲ್ಲಿ ಹೊರಡುವುದು ಶುದ್ಧ ಅವಿವೇಕ.

ನೆತ್ತಿಯ ಮೇಲೆ ಬಿಸಿಲು, ಅಡಿಯಲ್ಲಿ ಅದೇ ಬಿಸಿಲನ್ನು ಹೀರಿ ಉಗುಳುವ ಕರಿ ಬಂಡೆ. ದಾರಿಯುದ್ದಕ್ಕೂ ನೆರಳೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಾಗಾಗಿ ಇಲ್ಲಿನ ಮೊದಲ ಪ್ರಶ್ನೆ ನೀರು.

ಈ ದ್ವೀಪದ ಪೂರ್ವ ಭಾಗದಲ್ಲಿ ನಮ್ಮ ಆಗುಂಬೆಯಂತೆ ಮಳೆ ಸುರಿಯುತ್ತದೆ. ಅಲ್ಲಿಂದ ಕೆಲವೇ ಗಂಟೆಗಳ ದಾರಿಯ ಈ ಕರಾವಳಿ ಮಾತ್ರ ಒಣಗಿದ್ದು, ಏಕೆಂದರೆ ಈಶಾನ್ಯದಿಂದ ಬೀಸುವ ಗಾಳಿ ತನ್ನ ನೀರನ್ನು ಬೆಟ್ಟದ ಆಚೆ ಬದಿಯಲ್ಲೇ ಸುರಿದು ಬಂದಿರುತ್ತದೆ. ಬಿದ್ದ ಅಷ್ಟಿಷ್ಟು ಮಳೆಯೂ ನಿಲ್ಲುವುದಿಲ್ಲ. ಎಳೆಯ ಲಾವಾದಲ್ಲಿ ಬಿರುಕು, ರಂಧ್ರ, ಟೊಳ್ಳು ವಿಪರೀತ. ನೀರು ಸೀದಾ ಆಳಕ್ಕಿಳಿದು ಕಡಲು ಸೇರುತ್ತದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಓದುಗರು ನಿತ್ಯ ತುಳಿಯುವ ನೆಲವೂ ಮೂಲದಲ್ಲಿ ಲಾವಾವೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದು ಹಾಸಿದ ಬಸಾಲ್ಟು ಅದು. ಕೋಟ್ಯಂತರ ವರ್ಷ ಮಳೆಗಾಳಿಗೆ ಸವೆದು ಜೋಳ, ಕಡಲೆ ಬೆಳೆಯುವ ಎರೆಮಣ್ಣಾಗಿದೆ, ತೇವವನ್ನು ಹಿಡಿದಿಡುವುದನ್ನು ಕಲಿತಿದೆ. ಹಲಾಪೆಯ ಸುತ್ತಲಿನ ಲಾವಾಕ್ಕೆ ಅಷ್ಟು ವಯಸ್ಸಿಲ್ಲ. ಕೆಯಾವುಹೋ ಕಡೆಯಿಂದ ಬರುವ ಇನ್ನೊಂದು ಕಾಲುದಾರಿ ಹಾಯುವ ಹಾಸುಗಳಲ್ಲಿ ಕೆಲವು 1969ರಿಂದ 1974ರವರೆಗೆ ಉಕ್ಕಿದ ಮೌನಾ ಉಲು ಎಂಬ ಬಾಯಿಯಿಂದ ಬಂದವು. ಅಂದರೆ ಈ ಕಲ್ಲಿಗಿಂತ ಹಿರಿಯರಾದ ಮನುಷ್ಯರು ಇಂದಿಗೂ ಅದರ ಮೇಲೆ ನಡೆದು ಹೋಗುತ್ತಾರೆ.

ಹೊಳೆ, ಕೆರೆ, ಬಾವಿ ಯಾವುದೂ ಇಲ್ಲದ ಇಂಥ ಕಡೆ ಹಲಾಪೆ, ಕೆಯಾವುಹೋ, ಕಆಹಾಗಳಲ್ಲಿ ಉದ್ಯಾನದವರು ತಂಗುದಾಣದ ಸೂರಿನ ಮೇಲೆ ಬಿದ್ದ ಮಳೆಯನ್ನು ಟ್ಯಾಂಕಿಗೆ ಇಳಿಸುವ ವ್ಯವಸ್ಥೆ ಮಾಡಿದ್ದಾರೆ. ಅಪುವಾದಲ್ಲಿ ಅದೂ ಇಲ್ಲ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ಮಳೆಯನ್ನು ಅವಲಂಬಿಸಿದ್ದು. ಹೊರಡುವ ಮುನ್ನ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಟ್ಯಾಂಕಿನ ನೀರಿನಲ್ಲಿ ಹಕ್ಕಿಯ ಹಿಕ್ಕೆ, ಹುಳು, ಧೂಳು ಎಲ್ಲ ಸೇರಿರಬಹುದು. ಕುದಿಸಿಯೋ ಸೋಸಿಯೋ ಮಾತ್ರೆ ಹಾಕಿಯೋ ಕುಡಿಯಬೇಕು. ದಾರಿಗೆಂದು ಒಬ್ಬೊಬ್ಬರೂ ನಾಲ್ಕು ಲೀಟರಿನಷ್ಟು ಹೊತ್ತರೆ ಹೆಚ್ಚೇನಲ್ಲ. ನಾಲ್ಕು ಲೀಟರ್ ಎಂದರೆ ನಾಲ್ಕು ಕಿಲೋ. ಬೆನ್ನುಚೀಲದಲ್ಲಿ ಬೇರೆ ಯಾವ ವಸ್ತುವಿನ ತೂಕವನ್ನಾದರೂ ಇಳಿಸಬಹುದು, ಇದೊಂದನ್ನು ಇಳಿಸುವಂತಿಲ್ಲ.

ಗುಡಾರದ ವಿಷಯಕ್ಕೆ ಬಂದರೆ, ಊರಿನ ಬಯಲಿನಲ್ಲಿ ಹೂಡುವ ಕ್ರಮ ಇಲ್ಲಿ ನಡೆಯುವುದಿಲ್ಲ. ಬಂಡೆಯೊಳಕ್ಕೆ ಗೂಟ ಇಳಿಯುವುದಿಲ್ಲ. ತನ್ನ ಕಡ್ಡಿಗಳ ಬಲದಿಂದಲೇ ನಿಲ್ಲುವ ಗುಡಾರ ಬೇಕು. ಹಗ್ಗಗಳನ್ನು ಭಾರದ ಕಲ್ಲುಗಳಿಗೆ ಬಿಗಿಯಬೇಕು. ಗಾಳಿ ಇಲ್ಲಿ ಹಗಲು ರಾತ್ರಿ ಬೀಸುತ್ತದೆ. ಖಾಲಿ ಗುಡಾರವನ್ನು ಕಲ್ಲು ಹೇರದೆ ಬಿಟ್ಟು ಈಜಲು ಹೋದವರು ಮರಳಿ ಬರುವಾಗ ಅದು ಮುಳ್ಳುಕಲ್ಲುಗಳ ನಡುವೆ ಹರಿದು ಬಿದ್ದಿರುತ್ತದೆ. ಕೆಲವು ಬಿಡಾರಗಳಲ್ಲಿ ಹಿಂದೆ ಬಂದವರು ಗಾಳಿಗೆ ಅಡ್ಡವಾಗಿ ಮೊಣಕಾಲೆತ್ತರದ ಕಲ್ಲುಗೋಡೆ ಪೇರಿಸಿದ್ದಾರೆ. ಇರುವ ಗೋಡೆಯನ್ನು ಬಳಸಿಕೊಳ್ಳಬೇಕೇ ಹೊರತು ಹೊಸತನ್ನು ಕಟ್ಟುವಂತಿಲ್ಲ. ಪುರಾತನ ಹವಾಯಿ ಜನರ ಮನೆಗಳ ಅಡಿಪಾಯ, ಗೋಡೆಗಳು ಈ ಕರಾವಳಿಯುದ್ದಕ್ಕೂ ಹರಡಿವೆ. ಯಾವ ಕಲ್ಲು ಬರಿಯ ಕಲ್ಲು, ಯಾವುದು ಒಂದು ಮನೆಯ ಗೋಡೆಯದು ಎಂಬುದು ಹೊಸಬರ ಕಣ್ಣಿಗೆ ಗೊತ್ತಾಗುವುದಿಲ್ಲ. ಗುಡಾರದ ಅಡಿಗೆ ದಪ್ಪನೆಯ ಹಾಸು ಬೇಕು, ಇಲ್ಲವಾದರೆ ಒಂದೇ ರಾತ್ರಿಯಲ್ಲಿ ತಳ ತೂತಾಗುತ್ತದೆ. ಸೌದೆ ಉರಿಸುವಂತಿಲ್ಲವಾದ್ದರಿಂದ ಅಡುಗೆಗೆ ಪುಟ್ಟ ಗ್ಯಾಸ್ ಒಲೆ. ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲ, ದ್ವೀಪಕ್ಕೆ ಬಂದ ಮೇಲೆ ಕೊಳ್ಳಬೇಕು.

ಇಷ್ಟೆಲ್ಲ ಸಿದ್ಧತೆಗಿಂತ ಮುಖ್ಯವಾದದ್ದು ಗುಡಾರದ ಜಾಗ. ಅದಕ್ಕೆ ಕಾರಣ 1975ರ ನವೆಂಬರ್ 29ರ ಬೆಳಗಿನ ಜಾವ.

ಆ ರಾತ್ರಿ ಹಲಾಪೆಯಲ್ಲಿ 32 ಮಂದಿ ತಂಗಿದ್ದರು. ಅವರಲ್ಲಿ ಸ್ಕೌಟ್ ಹುಡುಗರ ಒಂದು ತಂಡವಿತ್ತು, ಕುದುರೆಗಳ ಮೇಲೆ ಬಂದ ಮೀನುಗಾರಿಕೆಯ ಹವ್ಯಾಸಿಗಳಿದ್ದರು. ಆಗ ಅಲ್ಲಿ ದಟ್ಟವಾದ ತೆಂಗಿನ ತೋಪಿತ್ತು. ಅದರಡಿ ಮರಳಿನ ಮೇಲೆ ಮಲಗುವುದಕ್ಕಾಗಿಯೇ ಜನ ಅಷ್ಟು ದೂರ ನಡೆದು ಬರುತ್ತಿದ್ದರು. ಬೆಳಗಿನ ಜಾವ 3.36ಕ್ಕೆ ನೆಲ ನಡುಗಿತು. 5.7 ಪ್ರಮಾಣದ ಭೂಕಂಪ. ಎಲ್ಲರೂ ಎಚ್ಚೆತ್ತರು. ಹಿಂದಿನ ಗುಡ್ಡದಿಂದ ಬಂಡೆಗಳು ಉರುಳುವ ಸದ್ದು ಕತ್ತಲಲ್ಲಿ ಕೇಳಿಸಿತು. ಬುಡದಲ್ಲಿ ಮಲಗಿದ್ದವರಲ್ಲಿ ಕೆಲವರು, ಬಂಡೆ ಬಿದ್ದೀತೆಂಬ ಭಯದಿಂದ, ಹಾಸಿಗೆ ಎತ್ತಿಕೊಂಡು ಕಡಲಿಗೆ ಇನ್ನಷ್ಟು ಹತ್ತಿರ ಬಂದು ತೆಂಗಿನ ಮರಗಳ ಕೆಳಗೆ ಮಲಗಿದರು. ಆ ಕ್ಷಣಕ್ಕೆ ಅದು ಬುದ್ಧಿವಂತಿಕೆಯ ಕೆಲಸವೇ. ಕಣ್ಣಿಗೆ ಕಂಡ ಅಪಾಯ ಗುಡ್ಡದ ಕಡೆಯಿಂದಲೇ ಇತ್ತು.

4.48ಕ್ಕೆ ದೊಡ್ಡದು ಬಂತು. ಆಗ 7.2 ಎಂದು ಲೆಕ್ಕ ಹಾಕಿದ ಅದರ ಪ್ರಮಾಣವನ್ನು ವಿಜ್ಞಾನಿಗಳು ಆಮೇಲೆ 7.7ಕ್ಕೆ ಏರಿಸಿದರು. ನಿಂತವರು ನಿಲ್ಲಲಾಗದೆ ಬಿದ್ದರು. ಗುಡ್ಡದ ಬಂಡೆಗಳು ಈ ಸಲ ಮಳೆಯಂತೆ ಸುರಿದವು, ಜನ ಅದರಿಂದ ತಪ್ಪಿಸಿಕೊಳ್ಳಲು ಕಡಲಿನ ಕಡೆ ಓಡಿದರು. ಅಷ್ಟರಲ್ಲಿ ಕಡಲೇ ಮೇಲೇರಿ ಬರುತ್ತಿತ್ತು. ನಡುಕ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಮೊದಲ ಅಲೆ ಆಳೆತ್ತರಕ್ಕಿಂತ ಕಡಿಮೆ. ಎರಡನೆಯದು ಸುಮಾರು ಎಂಟು ಮೀಟರ್. ಮರ, ಕಲ್ಲು, ಕುದುರೆ, ಮನುಷ್ಯರನ್ನು ಒಟ್ಟಿಗೆ ಎತ್ತಿ ದಡದಿಂದ ನೂರು ಮೀಟರಿನಷ್ಟು ಒಳಕ್ಕೆ ಹೊತ್ತೊಯ್ದು, ಅಲ್ಲಿದ್ದ ಆಳವಾದ ಒಂದು ಬಿರುಕಿನೊಳಗೆ ಎಸೆಯಿತು. ಮತ್ತೆ ಬಂದ ಅಲೆಗಳು ಅದೇ ಬಿರುಕಿನೊಳಗೆ ಎಲ್ಲವನ್ನೂ ಕಡೆದವು. ಅಚ್ಚರಿಯೆಂದರೆ ಆ ಬಿರುಕೇ ಅನೇಕರನ್ನು ಹಿಡಿದಿಟ್ಟು, ಹಿಂದಿರುಗುವ ನೀರಿನ ಜತೆ ಕಡಲು ಸೇರದಂತೆ ಕಾಪಾಡಿತು. ಇಬ್ಬರು ಸತ್ತರು, 19 ಮಂದಿ ಗಾಯಗೊಂಡರು. ಹೆಲಿಕಾಪ್ಟರ್ ಬಂದು ಉಳಿದವರನ್ನು ಮೇಲಕ್ಕೆತ್ತಿತು. ಕರಾವಳಿಯಲ್ಲಿ ಅಲ್ಲಿಂದ ಸ್ವಲ್ಪ ದೂರದಲ್ಲಿ ಕಡಲು 14 ಮೀಟರಿಗೂ ಎತ್ತರಕ್ಕೆ ಏರಿದ ಗುರುತುಗಳು ಆಮೇಲೆ ಸಿಕ್ಕವು. ಅದೇ ಬೆಳಿಗ್ಗೆ, ಒಂದು ಗಂಟೆಯೊಳಗೆ, ಕಿಲವೇಯಾದ ನೆತ್ತಿಯಲ್ಲಿ ಲಾವಾ ಕೂಡ ಸ್ವಲ್ಪ ಹೊತ್ತು ಉಕ್ಕಿತು.

ಬೆಳಕು ಹರಿದಾಗ ಹಲಾಪೆ ಇದ್ದ ಜಾಗದಲ್ಲಿ ಇರಲಿಲ್ಲ. ಜಾರುವ ಆ ಮಗ್ಗುಲು ಒಮ್ಮೆಗೇ ಕಡಲಿನತ್ತ ಹಲವು ಮೀಟರ್ ಸರಿದಿತ್ತು, ದಡ ಮೂರು ಮೀಟರಿಗೂ ಹೆಚ್ಚು ಕೆಳಗಿಳಿದಿತ್ತು. ತೆಂಗಿನ ತೋಪು ನೀರಿನಲ್ಲಿ ನಿಂತಿತ್ತು. ಉಪ್ಪುನೀರಿನಲ್ಲಿ ಒಣಗಿದ ಅದರ ಬೊಡ್ಡೆಗಳು ಎಷ್ಟೋ ಕಾಲ ಅಲೆಗಳ ನಡುವೆ ಕಾಣುತ್ತಿದ್ದವು. ಇಂದಿನ ಕೊಲ್ಲಿ, ಇಂದಿನ ಮರಳು, ಇಂದಿನ ತೆಂಗಿನ ಮರಗಳು ಎಲ್ಲವೂ ಆಮೇಲಿನವು.

ಇದು ಮೊದಲ ಸಲವೂ ಅಲ್ಲ. 1868ರ ಏಪ್ರಿಲ್ 2ರಂದು ಇದೇ ದ್ವೀಪದ ದಕ್ಷಿಣ ಭಾಗದಲ್ಲಿ ಇದಕ್ಕೂ ದೊಡ್ಡ ಭೂಕಂಪವಾಗಿ, ಸುನಾಮಿ ಕರಾವಳಿಯ ಹಳ್ಳಿಗಳನ್ನು ಗುಡಿಸಿಹಾಕಿತು. ಅಪುವಾದಲ್ಲಿ ಮೀನುಗಾರರ ಊರೊಂದಿತ್ತು. ಅಂದು ಅಳಿದ ಆ ಊರನ್ನು ಮತ್ತೆ ಯಾರೂ ಕಟ್ಟಲಿಲ್ಲ. ಈಗ ಅಲ್ಲಿರುವುದು ನೀರಿಲ್ಲದ ಒಂದು ಬಿಡಾರ ಮಾತ್ರ.

ಸುನಾಮಿ ಎಂದೊಡನೆ ನಮಗೆ 2004ರ ಡಿಸೆಂಬರ್ ನೆನಪಾಗುತ್ತದೆ. ಸುಮಾತ್ರಾದ ಬಳಿ ನೆಲ ನಡುಗಿ ಎರಡು ಗಂಟೆಯ ಮೇಲೆ ಅಲೆಗಳು ಚೆನ್ನೈ ತಲುಪಿದ್ದವು. ಅಂಥ ದೂರದ ಸುನಾಮಿಗೆ ಸೈರನ್ನು, ಫೋನ್ ಸಂದೇಶ, ಟಿವಿ ಎಲ್ಲವೂ ನೆರವಾಗುತ್ತವೆ. ಹಲಾಪೆಯಲ್ಲಿ ನಡುಕದ ಮೂಲ ಕಾಲಡಿಯಲ್ಲೇ ಇರುವುದರಿಂದ ಯಾವ ಎಚ್ಚರಿಕೆಗೂ ಹೊತ್ತಿಲ್ಲ. ನಡುಕವೇ ಎಚ್ಚರಿಕೆ. ಇಷ್ಟು ತಿಳಿದವರು ಸಂಜೆ ಬಂದೊಡನೆ ಮೊದಲು ಮಾಡುವ ಕೆಲಸ ಎತ್ತರದ ಜಾಗ ಹುಡುಕುವುದು. ದಡದಿಂದ ಹಿಂದೆ, ಆದರೆ ಬಂಡೆ ಉರುಳುವ ಬುಡದಿಂದ ದೂರ, ಇವೆರಡರ ನಡುವಿನ ದಿಬ್ಬದ ಮೇಲೆ ಗುಡಾರ ಹೂಡುತ್ತಾರೆ. ಬೆಳಕಿರುವಾಗಲೇ ಅಲ್ಲಿಂದ ಮೇಲಕ್ಕೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡುತ್ತಾರೆ. ಬೂಟು ಮತ್ತು ತಲೆದೀಪ ಕೈಗೆ ಸಿಗುವ ಕಡೆ ಇರುತ್ತವೆ. ಬರಿಗಾಲಲ್ಲಿ ಕತ್ತಲಲ್ಲಿ ಲಾವಾದ ಮೇಲೆ ಓಡಲು ಯಾರಿಂದಲೂ ಆಗದು. ಚಾರಣದ ಪುಸ್ತಕಗಳು ತೂಕ ಇಳಿಸುವ ಉಪಾಯಗಳಿಗೆ ಪುಟಗಟ್ಟಲೆ ಮೀಸಲಿಡುತ್ತವೆ. ಮಲಗುವ ಮುನ್ನ ಕಳೆಯುವ ಈ ಹತ್ತು ನಿಮಿಷ ಅವೆಲ್ಲಕ್ಕಿಂತ ಬೆಲೆಯುಳ್ಳದ್ದು.

ಮರಳನ್ನು ಬಿಟ್ಟುಬಿಡಲು ಇನ್ನೂ ಒಂದು ಕಾರಣವಿದೆ. ಹಾಕ್ಸ್‌ಬಿಲ್ ಎಂಬ, ಗಿಡುಗನ ಕೊಕ್ಕಿನಂಥ ಮೂತಿಯ ಕಡಲಾಮೆ ಮೊಟ್ಟೆಯಿಡುವ ಕೆಲವೇ ದಡಗಳಲ್ಲಿ ಹಲಾಪೆ, ಕೆಯಾವುಹೋ, ಅಪುವಾ ಸೇರಿವೆ. ಹವಾಯಿಯಲ್ಲಿ ಅದರ ಹೆಸರು ‘ಹೊನುಎಯಾ’. ಚಿಪ್ಪಿಗಾಗಿ ಜಗತ್ತಿನಾದ್ಯಂತ ಬೇಟೆಯಾಡಿ ಅಳಿವಿನ ಅಂಚಿಗೆ ದೂಡಿದ ಜೀವಿ ಇದು. ಹೆಣ್ಣಾಮೆ ರಾತ್ರಿ ಮೇಲೇರಿ ಬಂದು ಮರಳು ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಎರಡು ತಿಂಗಳ ಮೇಲೆ ಮರಿಗಳು ಮರಳಿನಿಂದ ಮೇಲೆದ್ದು, ಬೆಳಕು ಹೆಚ್ಚಾಗಿ ಕಂಡ ದಿಕ್ಕೇ ಕಡಲೆಂದು ನಂಬಿ ತೆವಳುತ್ತವೆ. ಗುಡಾರದ ಬಿಳಿ ದೀಪವೊಂದು ಅವನ್ನು ಒಣ ನೆಲದತ್ತ ಸೆಳೆದು ಕೊಲ್ಲಬಹುದು. ಆದ್ದರಿಂದ ಆಮೆಗಳ ಕಾಲದಲ್ಲಿ ಕೆಂಪು ದೀಪ, ಅದೂ ಅಗತ್ಯವಿದ್ದಷ್ಟೇ. ಸ್ವಯಂಸೇವಕರು ವಾರಗಟ್ಟಲೆ ಇದೇ ದಡಗಳಲ್ಲಿ ಬಿಡಾರ ಹೂಡಿ, ರಾತ್ರಿಯಿಡೀ ಗೂಡುಗಳನ್ನು ಕಾಯುತ್ತಾರೆ.

ಅವರು ಕಾಯುವುದು ಯಾರಿಂದ ಎಂಬುದರಲ್ಲಿ ನಮ್ಮ ದೇಶದ ಪಾಲೂ ಇದೆ. 1872ರಲ್ಲಿ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಕ್ಕೆ ಒಯ್ದು ಕಬ್ಬಿನ ಗದ್ದೆಗಳಲ್ಲಿ ಬಿಟ್ಟರು. ಅವುಗಳ ಸಂತತಿಯನ್ನು 1883ರಲ್ಲಿ ಹವಾಯಿಯ ಕಬ್ಬಿನ ಧಣಿಗಳು ಇಲಿ ಕಾಟಕ್ಕೆಂದು ತರಿಸಿಕೊಂಡರು. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಇಲಿಗಳು ಉಳಿದವು, ಮುಂಗುಸಿಗಳು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮತ್ತು ಆಮೆಗಳ ಮೊಟ್ಟೆಗೆ ಬಾಯಿಹಾಕಿದವು. ಹವಾಯಿಯ ರಾಜ್ಯಪಕ್ಷಿ ‘ನೇನೇ’ ಎಂಬ ಹೆಬ್ಬಾತು ಕಳೆದ ಶತಮಾನದ ಮಧ್ಯದ ಹೊತ್ತಿಗೆ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಸಾಕಿ ಬೆಳೆಸಿ ಬಿಟ್ಟು, ಕಾವಲು ಕಾದು, ಈಗ ಮೂರು ಸಾವಿರ ದಾಟಿಸಿದ್ದಾರೆ. ಹಿಲಿನಾ ಪಾಲಿಗೆ ಹೋಗುವ ಕಿರಿದಾದ ರಸ್ತೆಯಲ್ಲಿ ಈ ಹಕ್ಕಿಗಳು ಎದುರಾಗುವುದುಂಟು. ಚಾರಣಿಗರು ಆಹಾರವನ್ನು ಬಿಗಿ ಡಬ್ಬಿಯಲ್ಲಿಟ್ಟು ತೂಗುಹಾಕಬೇಕು ಎಂಬ ಸೂಚನೆಯೂ ಇಲಿ, ಮುಂಗುಸಿಗಳ ಕಾರಣಕ್ಕೇ. ಬಿದ್ದ ಅನ್ನದ ಅಗುಳು ತಿಂದು ಬೆಳೆದ ಮುಂಗುಸಿ ಮುಂದೆ ಆಮೆಯ ಗೂಡನ್ನೂ ಹುಡುಕುತ್ತದೆ.

ಇಳಿಜಾರಿನಲ್ಲಿ ಬೆಳೆದ ಹುಲ್ಲಿಗೂ ಒಂದು ಕಥೆಯಿದೆ. 1970ರ ದಶಕದವರೆಗೆ ಇಲ್ಲಿ ಸಾವಿರಾರು ಕಾಡುಮೇಕೆಗಳಿದ್ದವು, ಚಿಗುರಿದ್ದನ್ನೆಲ್ಲ ಮೇಯುತ್ತಿದ್ದವು. ಮೇಕೆಗಳನ್ನು ತೆಗೆಯುವ ಮೊದಲು ಪರೀಕ್ಷೆಗೆಂದು ಒಂದು ತುಂಡು ನೆಲಕ್ಕೆ ಬೇಲಿ ಹಾಕಿದಾಗ, ಅದರೊಳಗೆ ಸಸ್ಯವಿಜ್ಞಾನಿಗಳು ಎಂದೂ ಕಂಡಿರದ ಅವರೆ ಕುಟುಂಬದ ಬಳ್ಳಿಯೊಂದು ಮೊಳೆಯಿತು. ಅದರ ಬೀಜ ಮಣ್ಣಿನಲ್ಲಿ ಎಷ್ಟು ಕಾಲದಿಂದ ಕಾದಿತ್ತೋ. ಬರಡೆಂದು ಬಗೆದ ನೆಲದ ಮೇಲೆ ಕಾಲಿಡುವಾಗ ಈ ಬಳ್ಳಿಯ ನೆನಪಿರಬೇಕು. ದಾರಿ ಬಿಟ್ಟು ಅಡ್ಡಾದಿಡ್ಡಿ ನಡೆಯಬೇಡಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗದು.

ಕಡಿದಾದ ಇಳಿಜಾರು ಬೇಡವೆನ್ನುವವರು ಪೂರ್ವದಿಂದ, ಕಡಲಂಚಿನಲ್ಲೇ ಸಾಗುವ ಪುನಾ ಕರಾವಳಿ ದಾರಿ ಹಿಡಿಯುತ್ತಾರೆ. ಸುಮಾರು 18 ಕಿಲೋಮೀಟರ್, ಮಟ್ಟಸ, ಆದರೆ ಇನ್ನೂ ಹೆಚ್ಚು ಬಿಸಿಲು. ಅದು ಹೊರಡುವುದು ಪುವು ಲೋವಾ ಎಂಬ ಲಾವಾ ದಿಬ್ಬದ ಬಳಿಯಿಂದ. ಆ ದಿಬ್ಬದ ಮೇಲೆ ಹವಾಯಿಯ ಜನ ಕೊರೆದ 23,000ಕ್ಕೂ ಹೆಚ್ಚು ಚಿತ್ರ, ಗುರುತುಗಳಿವೆ. ಬಹಳಷ್ಟು ಬರಿಯ ಕುಳಿಗಳು. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯನ್ನು ಆ ಕುಳಿಯಲ್ಲಿಟ್ಟು ಕಲ್ಲು ಮುಚ್ಚಿದರೆ ಮಗುವಿಗೆ ದೀರ್ಘಾಯುಷ್ಯ ಎಂಬ ನಂಬಿಕೆ. ತಂದೆತಾಯಿಗಳು ಇದಕ್ಕಾಗಿ ದೂರದಿಂದ ನಡೆದು ಬರುತ್ತಿದ್ದರಂತೆ. ಜಾರುವ, ಉರಿಯುವ, ಮುಳುಗುವ ನೆಲದಲ್ಲಿ ಮಗುವಿನ ಆಯುಷ್ಯವನ್ನು ಕಲ್ಲಿನ ಕೈಗೇ ಒಪ್ಪಿಸಿದ ಆ ಧೈರ್ಯ ದೊಡ್ಡದು.

ಹಲಾಪೆಯ ಬಿಡಾರದ ಬಳಿ, ನೆಲ ಬಾಯ್ದೆರೆದ ಒಂದು ಸೀಳಿನಲ್ಲಿ, ಅರ್ಧ ಸಿಹಿ ಅರ್ಧ ಉಪ್ಪು ನೀರಿನ ಕೊಳವಿದೆ. ಕಲ್ಲಿನೊಳಗಿಂದ ಇಳಿದು ಬಂದ ಮಳೆನೀರೂ ಒಳನುಸುಳಿದ ಕಡಲೂ ಅಲ್ಲಿ ಕೂಡುತ್ತವೆ. ನಡೆದು ದಣಿದವರಿಗೆ ಅದರಲ್ಲಿ ಮುಳುಗುವುದಕ್ಕಿಂತ ಸುಖ ಬೇರೊಂದಿಲ್ಲ. ಸೋಪು, ಸನ್‌ಸ್ಕ್ರೀನು ಬಳಿದುಕೊಂಡು ಇಳಿಯಬಾರದು. ಇಂಥ ಕೊಳಗಳಲ್ಲಿ ಬೇರೆಲ್ಲೂ ಬದುಕದ ಕೆಂಪು ಬಣ್ಣದ ಕಿರು ಸಿಗಡಿಗಳಿರುತ್ತವೆ.

ಜ್ವಾಲಾಮುಖಿ ಹತ್ತಿರವಿದ್ದರೂ ಇಲ್ಲಿಗೆ ಬಂದವರಿಗೆ ಲಾವಾ ಕಾಣಿಸುವುದೇನೂ ಖಚಿತವಲ್ಲ. ಅದರ ಗಾಳಿ ಮಾತ್ರ ಬರುತ್ತದೆ. ಗಂಧಕದ ಡೈಆಕ್ಸೈಡ್ ತೇವದ ಜತೆ ಬೆರೆತು ಮಂಕು ಮಂಜಿನಂತೆ ತಗ್ಗಿನಲ್ಲಿ ಹರಡುತ್ತದೆ. ಅದಕ್ಕೆ ಅಲ್ಲಿನವರು ‘ವಾಗ್’ ಎನ್ನುತ್ತಾರೆ. ಉಬ್ಬಸ, ಹೃದಯದ ತೊಂದರೆ ಇರುವವರಿಗೂ ಮಕ್ಕಳು, ಬಸುರಿಯರಿಗೂ ಇದು ಒಳ್ಳೆಯದಲ್ಲ. 2024ರ ಡಿಸೆಂಬರ್ 23ರಂದು ಕಿಲವೇಯಾದ ನೆತ್ತಿಯಲ್ಲಿ ಶುರುವಾದ ಸ್ಫೋಟ 2025ರ ಉದ್ದಕ್ಕೂ ಬಿಟ್ಟುಬಿಟ್ಟು ನಡೆಯಿತು. ಕೆಲವು ಸಲ ಲಾವಾ ಕಾರಂಜಿ 300 ಮೀಟರಿಗೂ ಎತ್ತರ ಚಿಮ್ಮಿತು. ಅಷ್ಟೆತ್ತರಕ್ಕೆ ಹಾರಿದ ಶಿಲಾರಸ ಗಾಳಿಯಲ್ಲಿ ಎಳೆಎಳೆಯಾಗಿ ಗಾಜಿನ ನೂಲಾಗುತ್ತದೆ. ಜ್ವಾಲಾಮುಖಿಯ ದೇವತೆ ಪೆಲೆಯ ಹೆಸರಿನಲ್ಲಿ ಅದಕ್ಕೆ ‘ಪೆಲೆಯ ಕೂದಲು’ ಎನ್ನುತ್ತಾರೆ. ಈ ನೂಲು ಚರ್ಮಕ್ಕೆ ಚುಚ್ಚುತ್ತದೆ, ಕಣ್ಣಿಗೆ ಬಿದ್ದರೆ ಉಜ್ಜುವಂತಿಲ್ಲ, ಸೂರಿನ ಮೇಲೆ ಬಿದ್ದರೆ ಮಳೆನೀರಿನ ಟ್ಯಾಂಕಿಗೂ ಸೇರುತ್ತದೆ. ಹೀಗೆ ನೆತ್ತಿಯ ಬೆಂಕಿಗೂ ತಪ್ಪಲಿನಲ್ಲಿ ಕುಡಿಯುವ ನೀರಿಗೂ ನೇರ ಸಂಬಂಧವಿದೆ. 2018ರ ಮೇ 4ರಂದು ಇದೇ ಮಗ್ಗುಲಿನಲ್ಲಿ 6.9 ಪ್ರಮಾಣದ ಭೂಕಂಪವಾದಾಗ, ನೆತ್ತಿಯ ಕುಸಿತವೂ ಜತೆಗೂಡಿ, ಉದ್ಯಾನದ ಬಹುಭಾಗವನ್ನು ನಾಲ್ಕು ತಿಂಗಳಿಗೂ ಹೆಚ್ಚು ಮುಚ್ಚಿದ್ದರು. ಆದ್ದರಿಂದ ಹಲಾಪೆಯ ಪರ್ಮಿಟ್ ಕೈಯಲ್ಲಿದ್ದರೂ ಹೊರಡುವ ಬೆಳಿಗ್ಗೆ ಮತ್ತೊಮ್ಮೆ ವಿಚಾರಿಸಬೇಕು. ಗಾಳಿ ಯಾವ ಕಡೆಯದು, ಕಡಲಿನ ಅಬ್ಬರ ಹೇಗಿದೆ, ದಾರಿ ತೆರೆದಿದೆಯೇ, ಟ್ಯಾಂಕಿನಲ್ಲಿ ನೀರೆಷ್ಟು.

ಹಿಂದಿರುಗುವ ದಿನವೇ ಅತಿ ಕಷ್ಟದ್ದು. ಸಾಮಾನ್ಯ ಬೆಟ್ಟಗಳಲ್ಲಿ ಹತ್ತಿದವರು ಕೊನೆಗೆ ಇಳಿಯುತ್ತಾರೆ, ದಣಿವಿನ ಹೊತ್ತಿಗೆ ದಾರಿ ಸುಲಭವಾಗುತ್ತದೆ. ಇಲ್ಲಿ ಅದು ತಲೆಕೆಳಗು: ಮೊದಲು ಇಳಿತ, ಕೊನೆಗೆ ಹಿಲಿನಾ ಪಾಲಿಯ ಏರು. ಬೆಳಿಗ್ಗೆ ತಡವಾಗಿ ಹೊರಟವರು ಆ ಗೋಡೆಯ ಬುಡಕ್ಕೆ ಬರುವಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಬಾಟಲಿ ಬರಿದಾಗುತ್ತಾ ಬಂದಿರುತ್ತದೆ, ಮೇಲೆ ಕಾರು ನಿಂತಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಬಲ್ಲವರು ಕಾರಿನಲ್ಲೇ ಒಂದಿಷ್ಟು ನೀರು ಬಿಟ್ಟು ಬಂದಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೇ ಗುಡಾರ ಬಿಚ್ಚಿ, ಕಲ್ಲುಗಳನ್ನು ಇದ್ದಲ್ಲಿಗೆ ಸರಿಸಿ ಹೊರಡುತ್ತಾರೆ. ಮೇಲೆ ತಲುಪಿದ ಮೇಲೆ ಟ್ಯಾಂಕಿನಲ್ಲಿ ಎಷ್ಟು ನೀರು ಉಳಿದಿದೆ, ದಾರಿಯಲ್ಲಿ ಯಾವ ಕಲ್ಲುಗುಪ್ಪೆ ಬಿದ್ದಿದೆ ಎಂಬುದನ್ನು ಕಚೇರಿಗೆ ತಿಳಿಸಿ ಹೋಗುತ್ತಾರೆ. ಮಾರನೆಯ ದಿನ ಇಳಿಯುವವರು ಎಷ್ಟು ಲೀಟರ್ ಹೊರಬೇಕೆಂದು ರೇಂಜರ್ ಹೇಳುವುದು ಆ ಮಾಹಿತಿಯನ್ನು ನೋಡಿಕೊಂಡು.